ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ: ಶಿಕ್ಷಕರಿಗೆ ಬೇಕಾದ ಸಿದ್ಧತೆ

ಕೊಪ್ಪಳ ಜಿಲ್ಲೆಯ ಇಟಗಿ ಎಂದೊಡನೆ ನೆನಪಾಗುವುದು 1112ರಲ್ಲಿ ನಿರ್ಮಾಣವಾದ ಮಹಾದೇವ ದೇವಾಲಯ. ಅದೇ ಜಿಲ್ಲೆಯ ಒಣಭೂಮಿಯ ಹಳ್ಳಿಗಳಿಂದ, ಮಳೆ ಕೈಕೊಟ್ಟ ವರ್ಷ, ಅನೇಕ ಕುಟುಂಬಗಳು ಗುಳೆ ಹೋಗುತ್ತವೆ. ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ. ಕರಾವಳಿಯಲ್ಲಿ ಗುಳೆ ಇಲ್ಲ. ಆದರೆ ತಂದೆ ಗಲ್ಫಿನಲ್ಲಿ ದುಡಿಯುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಮಗು ಮಂಕಾಗಿರುವುದು ಎರಡೂ ಕಡೆ ಮೊದಲು ಕಾಣಿಸುವುದು ಹೆಚ್ಚಾಗಿ ಶಿಕ್ಷಕರಿಗೇ.

ಹಾಗಾದರೆ ಶಿಕ್ಷಕರು ಮನೋವೈದ್ಯರಾಗಬೇಕೇ? ಬೇಕಾಗಿಲ್ಲ. ಇಟಗಿಗೆ ದೂರವಲ್ಲದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿ, ಹಳ್ಳಿಗಳಲ್ಲೇ ಮಾನಸಿಕ ಆರೋಗ್ಯ ಸೇವೆ ಒದಗಿಸಬಹುದೆಂದು ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮುಂದೆ ನಿಮ್ಹಾನ್ಸ್, ಶಿಕ್ಷಕರೇ ನಡೆಸುವಂಥ ಜೀವನ ಕೌಶಲ್ಯ ಶಿಕ್ಷಣವನ್ನು ಪ್ರೌಢಶಾಲೆಗಳಿಗೆ ರೂಪಿಸಿತು. 2020ರಲ್ಲಿ ಬಂದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ 11 ವಿಷಯಗಳಲ್ಲಿ ತರಬೇತಿ ಇದೆ. ಮಾನಸಿಕ ಆರೋಗ್ಯ ಅವುಗಳಲ್ಲೊಂದು.

ಈ ತರಬೇತಿಗಳ ಸಾರವನ್ನು ನಾವು ಮೂರು ಮಾತುಗಳಲ್ಲಿ ಹೇಳಬಹುದು.

1. ಗುರುತಿಸುವುದು: ಒಂದು ದಿನದ ಮುನಿಸು ಕಾಯಿಲೆಯಲ್ಲ. ಆದರೆ ಆಟ ಬಿಟ್ಟ, ಊಟ ಬಿಟ್ಟ, ಅಂಕ ಥಟ್ಟನೆ ಕುಸಿದ, ಪದೇ ಪದೇ ತಲೆನೋವು ಹೊಟ್ಟೆನೋವು ಎನ್ನುವ ಮಗುವಿನಲ್ಲಿ ಈ ಬದಲಾವಣೆ ಎರಡು ವಾರ ಉಳಿದರೆ ಗಮನಿಸಬೇಕು. "ಸೋಮಾರಿ", "ದಡ್ಡ" ಎಂಬ ಹಣೆಪಟ್ಟಿ ಬೇಡ. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ.

2. ಕೇಳುವುದು: ಇಡೀ ತರಗತಿಯ ಎದುರು ವಿಚಾರಿಸದೆ ಮಗುವನ್ನು ಬೇರೆಯಾಗಿ ಮಾತನಾಡಿಸಬೇಕು. ಉಪದೇಶ ಆಮೇಲೆ. "ಬದುಕು ಬೇಡ ಅನಿಸುತ್ತದೆಯೇ, ಸಾಯಬೇಕು ಅನಿಸುತ್ತದೆಯೇ?" ಎಂದು ನೇರವಾಗಿ ಕೇಳಲು ಅನೇಕರು ಹೆದರುತ್ತಾರೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ಮಗುವಿಗೆ ದಾರಿ ಸಿಗುತ್ತದೆ.

3. ಒಪ್ಪಿಸುವುದು: ಇಲ್ಲಿಯೇ ಹೆಚ್ಚು ತಪ್ಪಾಗುವುದು. "ಯಾರಿಗೂ ಹೇಳುವುದಿಲ್ಲ" ಎಂದು ಶಿಕ್ಷಕರು ಮಾತು ಕೊಡಬಾರದು. ಪಾಪನಿವೇದನೆಯ ಗುಟ್ಟು ಬೇರೆ, ಶಿಕ್ಷಕರಲ್ಲಿ ಹೇಳಿಕೊಂಡ ಸಂಕಟ ಬೇರೆ. ಜೀವಕ್ಕೆ ಅಪಾಯವಿದ್ದರೆ ಮಗುವನ್ನು ಒಂಟಿಯಾಗಿ ಬಿಡದೆ, ಮುಖ್ಯೋಪಾಧ್ಯಾಯರಿಗೂ ಹೆತ್ತವರಿಗೂ ಅದೇ ದಿನ ತಿಳಿಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಡುವಂತಿಲ್ಲ.

ಒಪ್ಪಿಸುವ ವಿಳಾಸ ಮೊದಲೇ ಗೊತ್ತಿರಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098.

ಶಾಲೆ ನಡೆಸುವ ಧರ್ಮಕೇಂದ್ರಗಳಲ್ಲಿ ನಮ್ಮ ವಿನಂತಿ ಇಷ್ಟೇ. ಫಲಿತಾಂಶದ ದಿನಕ್ಕಾಗಿ ಕಾಯದೆ, ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲೇ ಶಿಕ್ಷಕರಿಗೆ ತರಬೇತಿ ಏರ್ಪಡಿಸಿರಿ. ಈ ಎರಡು ಸಂಖ್ಯೆಗಳನ್ನೂ ಹತ್ತಿರದ ಸರಕಾರಿ ಆಸ್ಪತ್ರೆಯ ದೂರವಾಣಿಯನ್ನೂ ಶಿಕ್ಷಕರ ಕೊಠಡಿಯ ಗೋಡೆಗೆ ಅಂಟಿಸಿರಿ. ಶಿಕ್ಷಕರೂ ದಣಿಯುತ್ತಾರೆ, ಅವರ ಮಾತು ಕೇಳಲು ಆಡಳಿತದವರಿಗೂ ಸ್ವಲ್ಪ ಹೊತ್ತು ಇರಲಿ.