ಕಮಾನು ಗಾಡಿಗೆ ಟೈರು ಬಂದಾಗ

ಬಸ್ಸಿಲ್ಲದ ಕಾಲದಲ್ಲಿ ನಮ್ಮ ತುಮಕೂರು ಸೀಮೆಯ ಸಂಸಾರಗಳು ಸಿದ್ಧಗಂಗೆ, ಗುಬ್ಬಿ, ಕುಣಿಗಲ್ ತಾಲ್ಲೂಕಿನ ಎಡೆಯೂರು ಜಾತ್ರೆಗಳಿಗೆ ಹೋಗುತ್ತಿದ್ದುದು ಕಮಾನು ಗಾಡಿಯಲ್ಲಿ. ಒಳಗೆ ಹುಲ್ಲು ಹಾಸಿ, ಮೇಲೊಂದು ಜಮಖಾನ. ಅದೇ ಮನೆ, ಅದೇ ಮಂಚ! ಎಲ್ಲರೂ ಎತ್ತುಗಳನ್ನು ಹೊಗಳುತ್ತಾರೆ, ನಾನು ಗಾಲಿಯ ಕಥೆ ಹೇಳುತ್ತೇನೆ.

ಹಳೆಯ ಗಾಲಿ ಅಂದರೆ ನಡುವೆ ಗುಂಬ, ಅದಕ್ಕೆ ಸಿಕ್ಕಿಸಿದ ಆರೆಕಾಲುಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಹಳಿ. ಹಳಿಯನ್ನು ಗಾಲಿಗಿಂತ ಕೊಂಚ ಚಿಕ್ಕದಾಗಿಯೇ ಮಾಡಿ, ಬೆರಣಿ ಬೆಂಕಿಯಲ್ಲಿ ಕಾಯಿಸಿ ತೊಡಿಸಿ, ತಕ್ಷಣ ನೀರು ಸುರಿಯುತ್ತಿದ್ದರು. ಕಬ್ಬಿಣ ಕುಗ್ಗಿ ಮರವೆಲ್ಲ ಬಿಗಿಯುತ್ತಿತ್ತು. ಆ ಬಿಗಿಯೇ ಗಾಲಿಯ ಜೀವ. ಬಡಗಿ, ಕಮ್ಮಾರ ಇಬ್ಬರೂ ಬೇಕಿತ್ತು.

1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಡನ್‌ಲಪ್ ಒಬ್ಬ ಪಶುವೈದ್ಯ. ಅದು ನಮ್ಮ ಗಾಡಿಗಳಿಗೆ ಬಂದದ್ದು ದಶಕಗಳ ನಂತರ. ಗಾಲಿಯ ಜೊತೆ ಅಚ್ಚೂ ಬದಲಾಗಬೇಕು. ಕೀಲೆಣ್ಣೆ ಬಳಿದ ಹಳೆಯ ಅಚ್ಚಿನ ಜಾಗದಲ್ಲಿ ಬೇರಿಂಗ್ ಇರುವ ಅಚ್ಚು. ಟೈರು ಗಾಲಿ ಚಿಕ್ಕದು, ಗಾಡಿ ತಗ್ಗುತ್ತದೆ, ನೊಗ ಹೆಗಲಿಗೆ ಸರಿಹೊಂದದು. ಹಾಗಾಗಿ ಅಚ್ಚಿನ ಮೇಲೆ ಮರದ ದಿಮ್ಮಿ ಕೊಟ್ಟು ಎತ್ತರಿಸಬೇಕು.

1973ರಲ್ಲಿ ಶುರುವಾದ ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ನೊಗದಡಿ ಹುಣ್ಣಾಗುವ ಕತ್ತು ಅವರ ಚಿಂತೆಯಾಗಿತ್ತು.

ಮರದ ಗಾಲಿ ಹೋಯಿತಲ್ಲ ಎಂದು ಮರುಗುವವರು ಎತ್ತಿನ ಹೆಗಲನ್ನೂ ನೋಡಬೇಕು. ಟೈರು ಬಂದು ಎತ್ತಿಗೆ ಹಗುರವಾಯಿತು, ಕಮ್ಮಾರನ ಕುಲುಮೆ ತಣ್ಣಗಾಯಿತು. ಎರಡೂ ನಿಜ. ಹಳೆಯ ಗಾಲಿಗಳೇನೋ ಈಗ ಹೋಟೆಲ್ಲುಗಳ ಗೋಡೆಗೆ ಒರಗಿ ಉಳಿದಿವೆ... ಹಳಿ ಕಟ್ಟುವ ವಿದ್ಯೆ? ನಿಮ್ಮೂರಲ್ಲಿ ಬಲ್ಲ ಹಿರಿಯರಿದ್ದರೆ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.