ಯಶೋಧರ ಕಥೆಯ ನಿರೂಪಕ

ಅಫಜಲಪುರ ತಾಲ್ಲೂಕಿನ ಅತನೂರು ಇರುವ ಕಲಬುರಗಿ ಜಿಲ್ಲೆಯಲ್ಲಿಯೇ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದು ಪ್ರಸಿದ್ಧವಾದ ಈ ಊರು ಕಾವ್ಯಚಿಂತನೆಗೂ ನೆಲೆಯಾಗಿತ್ತು. ಕ್ರಿ.ಶ. 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಕಾವ್ಯದೋಷಗಳನ್ನು, ಶಬ್ದಾಲಂಕಾರ ಮತ್ತು ಅರ್ಥಾಲಂಕಾರಗಳನ್ನು ಮೂರು ಪರಿಚ್ಛೇದಗಳಲ್ಲಿ ವಿವೇಚಿಸಿತು. ಮುಂದಿನ ಶತಮಾನದಲ್ಲಿ ಪುಷ್ಪದಂತ ಮಹಾಕವಿಯು ಇದೇ ಮಾನ್ಯಖೇಟದಲ್ಲಿ ಯಶೋಧರನ ಚರಿತೆಯನ್ನು ಅಪಭ್ರಂಶ ಭಾಷೆಯಲ್ಲಿ ಹಾಡಿದನು. ಅದೇ ಕಥೆಯನ್ನು ಹೊಯ್ಸಳರ ಕಾಲದ ಜನ್ನ ಕವಿಯು 1209ರಲ್ಲಿ ‘ಯಶೋಧರ ಚರಿತೆ’ಯಾಗಿ ಕನ್ನಡಕ್ಕೆ ಕೊಟ್ಟನು.

ಅಲಂಕಾರವು ಮಾತಿನ ಸೊಬಗಾದರೆ, ಕಥೆಯನ್ನು ಯಾರು ಹೇಳುತ್ತಾರೆ ಎಂಬುದು ಕಥೆಯ ಜೀವ. ಜನ್ನನ ಕಾವ್ಯವು ಇದಕ್ಕೆ ಉತ್ತಮ ನಿದರ್ಶನ. ಹೊರಗಿನ ಕಥೆಯನ್ನು ಹೇಳುವವನು ಕವಿ. ಅಲ್ಲಿ ಮಾರಿದತ್ತ ರಾಜನು ಚಂಡಮಾರಿಗೆ ಬಲಿ ಕೊಡಲೆಂದು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರನ್ನು ತರಿಸಿದ್ದಾನೆ. ಒಳಗಿನ ಕಥೆಯನ್ನು ಹೇಳುವವನು ಬಲಿಪೀಠದೆದುರು ನಿಂತ ಅಭಯರುಚಿ. ಅವನು ಹೇಳುವುದು ತನ್ನದೇ ಪೂರ್ವಜನ್ಮಗಳ ವೃತ್ತಾಂತ. ಹಿಂದೆ ಯಶೋಧರನಾಗಿದ್ದು ಹಿಟ್ಟಿನ ಕೋಳಿಯನ್ನು ಕಡಿದವನೂ, ಆ ಸಂಕಲ್ಪಹಿಂಸೆಯ ಫಲವಾಗಿ ನವಿಲು, ಮೀನು, ಆಡು, ಕೋಳಿಯಾಗಿ ಹುಟ್ಟಿ ಕೊಲೆಯಾದವನೂ ಅವನೇ. ತಂದೆಯ ಶ್ರಾದ್ಧಕ್ಕೆಂದು ಮಗನು ಕೊಲ್ಲಿಸಿದ ಪ್ರಾಣಿಯೇ ಆ ತಂದೆ ಎಂಬ ದಾರುಣ ವ್ಯಂಗ್ಯವನ್ನು, ಭವಸ್ಮರಣೆಯುಳ್ಳ ಈ ನಿರೂಪಕನಲ್ಲದೆ ಇನ್ನಾರು ಹೇಳಬಲ್ಲರು? ಬೇರೊಬ್ಬರು ಹೇಳಿದ್ದರೆ ಉಪದೇಶವಾಗುತ್ತಿದ್ದುದು ಅವನ ಬಾಯಲ್ಲಿ ಸಾಕ್ಷ್ಯವಾಗಿದೆ.

ಕಾವ್ಯದ ಮತ್ತೊಂದು ತಂತ್ರವೂ ಗಮನಾರ್ಹ. ರಾಣಿ ಅಮೃತಮತಿಯು ಮಾವುತನಲ್ಲಿ ಅನುರಕ್ತಳಾದುದನ್ನು ಕಣ್ಣಾರೆ ಕಂಡ ಯಶೋಧರನು ಅದನ್ನು ಮರೆಮಾಚಿ, ತಾಯಿ ಚಂದ್ರಮತಿಗೆ ಕೆಟ್ಟ ಕನಸೆಂದು ಹೇಳುತ್ತಾನೆ. ಆ ಕನಸಿನ ಶಾಂತಿಗೆ ತಾಯಿ ಬಲಿಯನ್ನು ಸೂಚಿಸುತ್ತಾಳೆ. ಮಗ ಒಪ್ಪದಿರಲು ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಹೀಗೆ ಮರೆಮಾಚಿ ಹೇಳಿದ ಒಂದು ಕಥೆಯಿಂದ ಹಿಂಸೆಯ ಸರಪಳಿ ಆರಂಭವಾಗಿ, ಮುಚ್ಚುಮರೆಯಿಲ್ಲದೆ ಹೇಳಿದ ಇನ್ನೊಂದು ಕಥೆಯಿಂದ ಅದು ಕಡಿಯುತ್ತದೆ. ಕೇಳಿದ ಮಾರಿದತ್ತನು ಬಲಿಯನ್ನು ಕೈಬಿಟ್ಟು ವಿರಕ್ತನಾಗುತ್ತಾನೆ.

ಆದರೂ ಪ್ರತಿಯೊಂದು ದೃಷ್ಟಿಕೋನಕ್ಕೂ ಮಿತಿಯುಂಟು. ಅಮೃತಮತಿಯ ಮಾತುಗಳು ಕೂಡ ಅಭಯರುಚಿಯ ನಿರೂಪಣೆಯೊಳಗೆ ಬರುತ್ತವೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ನಿರೂಪಕನ ಮಧ್ಯಸ್ಥಿಕೆಯಿಲ್ಲದೆ ರಾಣಿಯೇ ರಂಗದ ಮೇಲೆ ತನ್ನ ಪಕ್ಷವನ್ನು ಮಂಡಿಸುತ್ತಾಳೆ. ಒಂದೊಂದು ನಯವು ವಸ್ತುವಿನ ಒಂದೊಂದು ಮುಖವನ್ನು ಮಾತ್ರ ತೋರಿಸಬಲ್ಲದೆಂಬ ಅನೇಕಾಂತದ ತತ್ತ್ವ ಕಥೆಗೂ ಸಲ್ಲುತ್ತದೆ.

ಪರ್ವದ ದಿನಗಳಲ್ಲಿ ಬಸದಿಯಲ್ಲಿಯೋ ಮನೆಯಲ್ಲಿಯೋ ಮಕ್ಕಳಿಗೆ ಈ ಕಥೆಯನ್ನು ಹೇಳುವವರು ನೀತಿಯನ್ನಷ್ಟೇ ಉಳಿಸಿಕೊಂಡು ನಿರೂಪಕನನ್ನು ಬಿಟ್ಟುಬಿಡಬಾರದು. ಹಿಂಸೆ ಪಾಪವೆಂಬ ವಾಕ್ಯವನ್ನು ಮಾರಿದತ್ತನೂ ಮೊದಲೇ ಕೇಳಿದ್ದಿರಬಹುದು. ಅವನ ಕೈಯನ್ನು ತಡೆದದ್ದು ಮಾತ್ರ ಕೊಂದು, ಕೊಲ್ಲಿಸಿಕೊಂಡು ಬಂದ ಜೀವವೊಂದರ ದನಿ.