ಕ್ಲಚ್ಚು ನುಂಗಿದ ಸೀಸನ್ನು

ನಮ್ಮ ಕೊಡೇಕಲ್ ಸೀಮೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂದರೆ ಅರ್ಧ ಕೆಲಸ ಕ್ಲಚ್ಚಿನದೇ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಹಚ್ಚತೊಡಗಿದ ಮೇಲೆ, ಕೇಜ್‌ವೀಲ್ ಕಟ್ಟಿ ಕೆಸರಿಗಿಳಿದವರು ಹಾಫ್ ಕ್ಲಚ್ಚಿನಲ್ಲೇ ದಿನ ಕಳೆಯುತ್ತಾರೆ. ಬಿಚ್ಚಿ ನೋಡಿದರೆ ಪ್ಲೇಟು ಸವೆದು ರಿವಿಟ್ಟು ಮೇಲೆದ್ದಿರುತ್ತದೆ, ಒತ್ತುವ ಕಬ್ಬಿಣ ಕಾಯ್ದು ನೀಲಿಗಟ್ಟಿರುತ್ತದೆ. ಈ ಕೆಲಸದಲ್ಲೇ ತಲೆ ನರೆತ ನನಗೆ, ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ 2 ಕಾರ್ ರೇಸಿನಲ್ಲಿ ಹಿಂದೆ ಬಿದ್ದದ್ದು ಬರೀ ಅವನ ತಪ್ಪು ಅಂದರೆ ಸಹಿಸಲಾಗುವುದಿಲ್ಲ.

ಅರ್ಜುನ್ ಕಚ್ಚಾ ಹುಡುಗನಾಗಿ ಅಲ್ಲಿಗೆ ಹೋಗಿರಲಿಲ್ಲ. 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4ರಲ್ಲಿ ಜಾರ್ಜ್ ರಸೆಲ್ ಮೊದಲಿಗ, ಅರ್ಜುನ್ ಎರಡನೆಯವ. 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದ. ಫಾರ್ಮುಲಾ 1ರ ಹಾಸ್ ತಂಡ ಅವನನ್ನು ತನ್ನ ಡೆವಲಪ್‌ಮೆಂಟ್ ಡ್ರೈವರ್ ಮಾಡಿಕೊಂಡಿತ್ತು. 2018ರ ಫಾರ್ಮುಲಾ 2 ಕಿರೀಟ ಅದೇ ರಸೆಲ್‌ಗೆ ದಕ್ಕಿತು. ಇಟಲಿಯ ಟ್ರೈಡೆಂಟ್ ತಂಡದ ಅರ್ಜುನ್ ಪಟ್ಟಿಯ ಕೆಳಭಾಗದಲ್ಲಿ ಉಳಿದ.

ಆ ವರ್ಷ ಎಲ್ಲರಿಗೂ ಹೊಸ ಗಾಡಿ. ಹಳೆಯ 4 ಲೀಟರಿನ ವಿ8 ಹೋಗಿ 3.4 ಲೀಟರಿನ ಟರ್ಬೊ ವಿ6 ಬಂತು, ತಲೆ ಕಾಯಲು ಮೇಲೆ ಹೇಲೋ ಅನ್ನುವ ಪಟ್ಟಿ ಬಂತು. ಈ ಗಾಡಿಯ ಕ್ಲಚ್ಚು ಕಾಲಿನದಲ್ಲ. ಸ್ಟೀರಿಂಗ್ ಹಿಂದಿನ ಪಟ್ಟಿಯನ್ನು ಬೆರಳಲ್ಲಿ ಬಿಡಬೇಕು. ಟರ್ಬೊಗೆ ಕೆಳಗಿನ ಆರ್‌ಪಿಎಂನಲ್ಲಿ ದಮ್ಮು ಕಮ್ಮಿ. ಕ್ಲಚ್ಚು ಕೂದಲೆಳೆಯಷ್ಟು ಬೇಗ ಹಿಡಿದರೆ ಎಂಜಿನ್ ಬಂದ್. ಮತ್ತೆ ಹಚ್ಚೋಣವೆಂದರೆ ಗಾಡಿಯಲ್ಲಿ ಸ್ಟಾರ್ಟರೇ ಇಲ್ಲ, ಪಿಟ್‌ ಲೇನಿಗೆ ತಳ್ಳಿಕೊಂಡೇ ಹೋಗಬೇಕು. ಅಷ್ಟರಲ್ಲಿ ಉಳಿದವರು ಅರ್ಧ ಸುತ್ತು ಮುಗಿಸಿರುತ್ತಾರೆ. ರೇಸಿಗೆ ಮುಂಚೆ ಅಭ್ಯಾಸಕ್ಕೆ ಸಿಗುವುದು 45 ನಿಮಿಷ, ಆಮೇಲೆ ಅರ್ಧ ಗಂಟೆ ಅರ್ಹತಾ ಸುತ್ತು. ಹೊಸ ಕ್ಲಚ್ಚಿನ ಮರ್ಜಿ ತಿಳಿಯಲು ಅಷ್ಟು ಹೊತ್ತು ಎಲ್ಲಿ ಸಾಲುತ್ತದೆ?

ಗ್ರಿಡ್ಡಿನಲ್ಲಿ ಗಾಡಿಗಳು ನಿಂತಲ್ಲೇ ಬಂದ್ ಬೀಳುವುದು ಎಷ್ಟಾಯಿತೆಂದರೆ, ಆಸ್ಟ್ರಿಯಾ ಮತ್ತು ಸಿಲ್ವರ್‌ಸ್ಟೋನ್‌ನಲ್ಲಿ ನಿಂತು ಹೊರಡುವ ಪದ್ಧತಿಯನ್ನೇ ಬಿಟ್ಟು ಓಡುತ್ತಾ ಶುರುಮಾಡುವ ರೋಲಿಂಗ್ ಸ್ಟಾರ್ಟ್ ಕೊಟ್ಟರು. ಸೀಸನ್ನಿನ ಕೊನೆಯ ಹಂತದಲ್ಲಿ, ಅಬುಧಾಬಿಯಲ್ಲಿ, ಕಿರೀಟಕ್ಕೆ ಹೋರಾಡುತ್ತಿದ್ದ ಅಲೆಕ್ಸ್ ಆಲ್ಬನ್‌ನ ಗಾಡಿಯೇ ಗ್ರಿಡ್ಡಿನಲ್ಲಿ ನಿಂತುಬಿಟ್ಟಿತು. ಅಂಥವನಿಗೇ ಹೀಗಾದರೆ ಸಣ್ಣ ತಂಡದ ಹೊಸಬನ ಪಾಡೇನು?

ಆದರೂ ಎಲ್ಲವನ್ನೂ ಕಬ್ಬಿಣದ ಮೇಲೆ ಹಾಕಲಾರೆ. ಸಿಲ್ವರ್‌ಸ್ಟೋನ್‌ನಲ್ಲಿ ಅರ್ಜುನ್‌ನ ಜೊತೆಗಾರ ಸ್ಯಾಂಟಿನೊ ಫೆರುಚಿ ರೇಸಿನಲ್ಲಿ ಅವನನ್ನು ಟ್ರ್ಯಾಕಿನಾಚೆ ದಬ್ಬಿದ. ರೇಸ್ ಮುಗಿದು ನಿಧಾನವಾಗಿ ವಾಪಸಾಗುವಾಗ ಹಿಂದಿನಿಂದ ಬಂದು ಗುದ್ದಿದ. ಅದೇ ವಾರ ಒಂದು ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸಿದ್ದಕ್ಕೂ ಸಿಕ್ಕಿಬಿದ್ದ. ಅಧಿಕಾರಿಗಳು ಅವನನ್ನು ನಾಲ್ಕು ರೇಸಿಗೆ ಹೊರಗಿಟ್ಟರು, ತಂಡ ಕರಾರನ್ನೇ ಮುರಿಯಿತು. ಇಬ್ಬರು ಚಾಲಕರು ಕೂತು ಲೆಕ್ಕ ಹೋಲಿಸಿದರೆ ಮಾತ್ರ ಗಾಡಿ ಎಲ್ಲಿ ಎಡವುತ್ತಿದೆ ಅನ್ನುವುದು ಗೊತ್ತಾಗುವುದು. ಎತ್ತಿನ ಜೋಡಿ ಹೊಂದದಿದ್ದರೆ ಬಂಡಿ ಸಾಗದು ಅಂತ ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆ ಸೀಸನ್ನಿನ ದೊಡ್ಡ ನಷ್ಟ ಇದೇ ಅನ್ನಿಸುತ್ತದೆ ನನಗೆ.

ಅರ್ಜುನ್ ಮುಂದೆ ಜರ್ಮನಿಯ ಡಿಟಿಎಂಗೆ ಹೋದ. 2024ರಲ್ಲಿ ಫಾರ್ಮುಲಾ 2ಕ್ಕೆ ಮತ್ತೆ ಹೊಸ ಗಾಡಿ ಬಂತು. ಈ ಸಲ ಅದರೊಳಗೆ ಅರ್ಜುನ್‌ನ ತಮ್ಮ ಕುಶ್. ಸೀಸನ್ನಿನ ಮೊದಲ ಹಂತದಲ್ಲೇ ಬಹ್ರೇನ್‌ನಲ್ಲಿ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ಹೊರಡುವ ಜಾಗ, ಹಿಡಿದ; ತಾಂತ್ರಿಕ ತಪಾಸಣೆಯಲ್ಲಿ ಗಾಡಿ ನಿಯಮಕ್ಕೆ ಹೊಂದದೆ ಅದು ಕೈಬಿಟ್ಟಿತು. ಹಂಗೆರಿಯಲ್ಲಿ ಮುಂದಿದ್ದವನು ಅನರ್ಹನಾದಾಗ ಸ್ಪ್ರಿಂಟ್ ರೇಸ್ ಇವನದಾಯಿತು. ಸೆಪ್ಟೆಂಬರ್ 15ರಂದು ಬಾಕುವಿನಲ್ಲಿ ದೀಪ ಆರಿತು, ಇವನ ಗಾಡಿ ಕದಲಲಿಲ್ಲ. ಹಿಂದಿನಿಂದ ಆಲಿವರ್ ಗೋಥ, ಪೆಪೆ ಮಾರ್ಟಿ ಬಂದು ಅಪ್ಪಳಿಸಿದರು. ಗ್ಯಾರೇಜಿನಲ್ಲಿ ಆ ವಿಡಿಯೊ ನೋಡಿ ನನ್ನ ಅಳಿಯ, “ಮಾಮಾ, ಇಂವ ಬದುಕ್ಯಾನೇನು?” ಅಂತ ಕೇಳಿದ. ಬದುಕಿದ, ಎದ್ದು ಬಂದ. ಹೇಲೋ ಪಟ್ಟಿಯನ್ನು ನೋಡಲು ಚೆಂದವಿಲ್ಲ ಅಂತ ಬೈದವರು ಆ ದೃಶ್ಯ ನೋಡಬೇಕು.

ಆ ವರ್ಷ ಕುಶ್ ಇದ್ದ ಇನ್‌ವಿಕ್ಟಾ ತಂಡದವನೇ ಆದ ಗೇಬ್ರಿಯಲ್ ಬೊರ್ಟೊಲೆಟೊ ಚಾಂಪಿಯನ್, ಕುಶ್ 13ನೆಯವ. ಗಾಡಿ ಒಂದೇ ಇದ್ದಾಗ ಪೂರ್ತಿ ದೂರು ಗಾಡಿಯದೂ ಅಲ್ಲ. ಬೊರ್ಟೊಲೆಟೊ ಹೆಚ್ಚು ಸ್ಥಿರವಾಗಿ ಅಂಕ ಗಳಿಸಿದ. ಆದರೆ 2025ರ ಮೇ 24ರಂದು ಮೊನಾಕೊದಲ್ಲಿ, ಆಗ ಡ್ಯಾಮ್ಸ್ ತಂಡದಲ್ಲಿದ್ದ ಕುಶ್ ಸ್ಪ್ರಿಂಟ್ ರೇಸಿನಲ್ಲಿ ಮೊದಲ ಸ್ಥಾನದಿಂದ ಹೊರಟು ಯಾರಿಗೂ ಬಿಟ್ಟುಕೊಡದೆ ಗೆದ್ದ. ಅಲ್ಲಿ ಫಾರ್ಮುಲಾ 2 ಗೆದ್ದ ಮೊದಲ ಭಾರತೀಯ ಅವನೇ. ಅವತ್ತು ಕ್ಲಚ್ಚು ಸರಿಯಾಗಿ ಹಿಡಿದಿತ್ತು.